ಬಾಗಿಲ ಮುಂದೆ ತಟ್ಟಪ್ಪ ಮತ್ತು ರುದ್ರಛಾಯ

ಯೋಗೀಶ: ನನ್ನ ಹೀರೋ ಹೆಸರು ತಟ್ಟಪ್ಪ. ಅದ್ರಲ್ಲಿ ಏನ್ ತಪ್ಪಿದೆ, ಹೇಳು.

ಶಂಕರ: ಹೆಸರೇ ತಪ್ಪು. ನನ್ನ ಹೀರೋ ರುದ್ರಛಾಯ. ಅವನ ಗ್ರಹ ಸುಟ್ಟು ಬೂದಿಯಾಗಿದೆ. ಹುಟ್ಟಿದಾಗಿಂದ ನಕ್ಕಿಲ್ಲ. ಅಂಥವನ ಪಕ್ಕ ಬಂದು ಒಬ್ಬ ತಟ್ಟಪ್ಪ ನಿಂತ್ಕೊಂಡ್ರೆ ಏನ್ ಮರ್ಯಾದೆ ಉಳಿಯುತ್ತೋ?

ಯೋಗೀಶ: ಕೆಟ್ಟೋಗಿರೋ ಮೆಷಿನ್‌ಗೆ ಎರಡು ತಟ್ಟಿದ್ರೆ ಸರಿಹೋಗುತ್ತೆ, ಅದು ಅವನ ಶಕ್ತಿ. ನಮ್ಮಪ್ಪ ಟೀವಿ ರಿಪೇರಿ ಮಾಡ್ತಿದ್ದಿದ್ದೇ ಹಾಗೆ.

ಈ ಚಳಿ ದೇಶದ ಸೋಲ್ನಾ ಊರಿನ ನಮ್ಮ ಮನೆಯ ಊಟದ ಮೇಜಿನ ಮೇಲೆ ದಾಳ ಹಾಗೇ ಬಿದ್ದಿತ್ತು. ಇದು ಮೇಜಿನ ಸುತ್ತ ಕೂತು ಬಾಯಲ್ಲೇ ಆಡುವ ಸೂಪರ್‌ಹೀರೋ ಆಟ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಹೀರೋಗಳಾಗಿ ತಾವೇನು ಮಾಡುತ್ತೇವೆಂದು ಹೇಳುತ್ತಾರೆ, ಆಯಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಕಥೆ ನಡೆಸುವವಳು ನಾನು, ವೈದೇಹಿ. ಶಂಕರ ನನ್ನ ಗಂಡ. ಯೋಗೀಶ ಅವನ ಕಾಲೇಜಿನ ಗೆಳೆಯ, ಎಸ್ಕಿಲ್‌ಸ್ಟುನಾದಲ್ಲಿ ಎಂಜಿನಿಯರು, ಆಟಕ್ಕೆಂದೇ ಟ್ರೇನು ಹತ್ತಿ ಬಂದಿದ್ದ.

ಚಳಿಗಾಲ ಪೂರ್ತಿ ಕೂತು ನಾನು ಈ ಕಥೆ ಕಟ್ಟಿದ್ದೆ. ಹಿಂದಿನ ಎರಡು ಸಲವೂ ಆಟದಲ್ಲಿ ನಗಬೇಕೋ ನಡುಗಬೇಕೋ ಎಂಬ ಜಗಳದಲ್ಲೇ ಹೊತ್ತು ಹೋಗಿ, ಇಬ್ಬರೂ ನನ್ನ ಬಿಸಿಬೇಳೆಬಾತ್ ತಿಂದು, ಬೆಂಗಳೂರಿನ ಸೈಟಿನ ಮಾತಾಡಿ ಎದ್ದಿದ್ದರು. ಇವತ್ತೂ ಹಾಗೇ ಆದರೆ ದಾಳ, ನಕ್ಷೆ ಎಲ್ಲವನ್ನೂ ಹಳೇ ಸಾಮಾನಿನ ಅಂಗಡಿಗೆ ಕೊಟ್ಟುಬಿಡುವುದೆಂದು ನಿರ್ಧರಿಸಿದ್ದೆ. ಅದನ್ನು ನೆನೆದರೇ ಅಳು ಬರುತ್ತಿತ್ತು.

ನಾನು: ಇವತ್ತು ಆಡ್ಲಿಲ್ಲ ಅಂದ್ರೆ ಇನ್ಮೇಲೆ ಈ ಮನೇಲಿ ಆಟ ಇಲ್ಲ. ಬಿಸಿಬೇಳೆಬಾತೂ ಇಲ್ಲ.

ಶಂಕರ: ಎಲ್ಲರೂ ಒಪ್ಪದೆ ಹೇಗೆ ಶುರು ಮಾಡೋದು? ನಮ್ಮ ಆಫೀಸಲ್ಲಿ ಮೊದಲು ಫೀಕಾ, ಕಾಫಿ ಕುಡಿದು ಎಲ್ಲರ ಅಭಿಪ್ರಾಯ ಕೇಳಿ, ಆಮೇಲೇ ಕೆಲಸ.

ನಾನು: ನಿಮ್ಮ ಆಫೀಸಲ್ಲಿ ಕಿಟಕಿ ಪರದೆ ಬಣ್ಣ ಒಪ್ಪೋಕೆ ವರ್ಷ ಹಿಡೀತು. ಅಷ್ಟು ಹೊತ್ತಿಗೆ ನನ್ನ ವಿಲನ್ ರಿಟೈರ್ ಆಗಿರ್ತಾನೆ.

ಯೋಗೀಶ: ವಿಲನ್ ಬಂದಾಗ ತಟ್ಟಪ್ಪ ರಜದಲ್ಲಿರ್ತಾನೆ. ಮಗೂಗೆ ಜ್ವರ, ಮಗು ಬಿಡೋ ಡಾಗಿಸ್‌ನಿಂದ ಫೋನ್ ಬಂತು, ಕರ್ಕೊಂಡು ಹೋಗಿ ಅಂತ.

ಶಂಕರ: ನೋಡಿದ್ಯಾ ಇವನ್ನ? ವೈದೇಹಿ, ಒಂದೇ ಒಂದ್ಸಲ ಯಾರಾದ್ರೂ ನನ್ನ ನೋಡಿ ಹೆದರ್ಲಿ ಅಂತ ಆಸೆ ನಂಗೆ. ಆಫೀಸಲ್ಲಿ ಕಾಫಿ ಮೆಷಿನ್ ಕೂಡ ನನ್ನ ಮಾತು ಕೇಳಲ್ಲ.

ಯೋಗೀಶ: ಎರಡು ತಟ್ಟು.

ಇವರನ್ನು ಬಿಟ್ಟರೆ ಸಂಜೆಯಾಗುತ್ತದೆ ಎಂದು ನಾನೇ ಶುರು ಮಾಡಿಬಿಟ್ಟೆ.

ನಾನು: ಹಿಮಕಂಠ ಅನ್ನೋ ದುಷ್ಟ ಒಬ್ಬ ಅಜ್ಜಿಯನ್ನ ಮೂರನೇ ಮಹಡಿ ಫ್ಲಾಟಲ್ಲಿ ಕೂಡಿ ಹಾಕಿದಾನೆ. ರೂಮೊಳಗೆ ಹಿಮ ಏರ್ತಾ ಇದೆ. ಈಗ ಅಜ್ಜಿ ಮಂಡಿವರೆಗೂ ಬಂದಿದೆ. ಕೆಳಗಿನ ಬಾಗಿಲು ಮುಚ್ಚಿದೆ. ರುದ್ರಛಾಯ, ಏನ್ ಮಾಡ್ತೀಯ?

ಶಂಕರ ನನ್ನ ಶಾಲನ್ನು ಹೆಗಲಿಗೆ ಎಳೆದುಕೊಂಡು ದನಿ ದಪ್ಪ ಮಾಡಿಕೊಂಡ.

ಶಂಕರ: ಕತ್ತಲಿಂದ ಹೊರಗೆ ಬರ್ತೀನಿ. ಬಾಗಿಲ ಮುಂದೆ ನಿಲ್ತೀನಿ. ಕೋಡ್ ಎಷ್ಟು?

ನಾನು: ಯಾವ ಕೋಡು?

ಶಂಕರ: ಬಾಗಿಲಿಂದು. ಇಲ್ಲಿ ಎಲ್ಲಾ ಬಿಲ್ಡಿಂಗಲ್ಲೂ ನಂಬರ್ ಒತ್ತಿದ್ರೆ ತಾನೆ ತೆಗೆಯೋದು?

ನಾನು: ಬೆಟ್ಟ ಪುಡಿ ಮಾಡೋ ಕೈ ಅಂತ ನೀನೇ ಬರ್ಕೊಂಡಿದೀಯಲ್ಲ ಶಂಕರ. ಒಡಿ ಬಾಗಿಲು.

ಶಂಕರ: ಬೆಟ್ಟದ ವಿಷಯ ಬೇರೆ. ಬೆಟ್ಟಕ್ಕೆ ನಿವಾಸಿಗಳ ಸಂಘ ಇರಲ್ಲ. ಕಾಯ್ತೀನಿ. ಯಾರಾದ್ರೂ ನಾಯಿ ಹಿಡ್ಕೊಂಡು ಆಚೆ ಬರ್ತಾರಲ್ಲ, ಆಗ ಒಳಗೆ ನುಗ್ತೀನಿ.

ಯೋಗೀಶ: ಬಾಗಿಲು ಹಿಡ್ಕೊಂಡಿದ್ದಕ್ಕೆ ಥ್ಯಾಂಕ್ಸ್ ಹೇಳ್ತಾನಾ ರುದ್ರಛಾಯ?

ಶಂಕರ: ಹೇಳ್ದೆ ಹೇಗಿರೋಕಾಗುತ್ತೆ?

ನಾನು: ಹಿಮ ಸೊಂಟಕ್ಕೆ ಬಂತು.

ಶಂಕರ: ವೈದೇಹಿ, ಈ ದೇಶದಲ್ಲಿ ಉಳಿಯೋಕೆ ಹಾಕಿರೋ ನನ್ನ ಪರ್ಮನೆಂಟ್ ಪರ್ಮಿಟ್ ಅರ್ಜಿ ಇನ್ನೂ ಪಾಸಾಗಿಲ್ಲ. ಈಗ ಬಾಗಿಲು ಮುರಿದು ಕೇಸ್ ಗೀಸ್ ಆದ್ರೆ?

ನಾನು: ಅರ್ಜಿ ಹಾಕಿರೋದು ನೀನು. ರುದ್ರಛಾಯ ಅಲ್ಲ.

ಶಂಕರ: ಅವನೂ ಬೇರೆ ಗ್ರಹದಿಂದ ಬಂದೋನಲ್ವಾ. ಅವನಿಗೂ ಪರ್ಮಿಟ್ ಬೇಕು ತಾನೆ.

ಯೋಗೀಶ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ನಾನು ಅಷ್ಟು ಚಂದ ಬರೆದಿದ್ದ ಹಿಮ ಹಾಳಾಗಿ ಹೋಗುತ್ತಿತ್ತು. ನನಗೆ ರೇಗಿತು.

ನಾನು: ಯೋಗೀಶ್, ಆ ಅಜ್ಜಿ ಯಾರು ಅಂತ ನಾನಿನ್ನೂ ಹೇಳಿಲ್ಲ. ತಟ್ಟಪ್ಪನ ಅಮ್ಮ. ಸೀರೆ ಮೇಲೆ ಎರಡು ಸ್ವೆಟರ್ ಹಾಕ್ಕೊಂಡು ನಿಂತಿದಾರೆ. 'ನನ್ನ ಮಗ ಬರ್ತಾನೆ, ತಡಿ' ಅಂತ ಆ ಹಿಮಕಂಠನಿಗೆ ಕನ್ನಡದಲ್ಲೇ ಹೇಳ್ತಾ ಇದಾರೆ.

ಯೋಗೀಶನ ನಗು ನಿಂತಿತು. ಅವನ ಅಮ್ಮ ಇಲ್ಲಿಗೆ ಬಂದು ಅವನ ಜೊತೆ ಇದ್ದು, ಹೋದ ವಾರವಷ್ಟೇ ಊರಿಗೆ ವಾಪಸು ಹೋಗಿದ್ದರು. ಅದು ನನಗೆ ಗೊತ್ತಿತ್ತು, ಗೊತ್ತಿದ್ದೇ ಹೇಳಿದೆ. ಪಾಪ ಅನ್ನಿಸಿತು, ಆದರೂ ಮಾತು ವಾಪಸು ತೆಗೆದುಕೊಳ್ಳಲಿಲ್ಲ.

ಯೋಗೀಶ: ಆ ನಂಬರ್ ಡಬ್ಬಿ ತಟ್ತೀನಿ.

ದಾಳ ಉರುಳಿಸಿದ. ಒಂದು ಬಿತ್ತು.

ನಾನು: ಡಬ್ಬಿ ಕಿತ್ತು ಕೈಗೆ ಬಂತು. ಬಾಗಿಲು ಹಾಗೇ ಇದೆ.

ಶಂಕರ: ಲೋ, ಅದನ್ನ ಮೊದಲು ಗೋಡೆಗೆ ಅಂಟಿಸೋ. ಸಂಘದೋರು ನೋಡಿದ್ರೆ ಅಷ್ಟೇ.

ಯೋಗೀಶ: ನಗಬೇಡ ಕಣೋ. ಒಳಗೆ ನಮ್ಮಮ್ಮ ಇದಾರೆ.

ಶಂಕರ: ನಿಮ್ಮಮ್ಮ ಅಲ್ವೋ, ತಟ್ಟಪ್ಪನ ಅಮ್ಮ.

ಯೋಗೀಶ: ಯಾರಮ್ಮ ಆದ್ರೇನು? ಅವರಿಗೆ ಮಂಡಿ ನೋವು, ಹಿಮದಲ್ಲಿ ಅಷ್ಟೊತ್ತು ನಿಲ್ಲೋಕಾಗಲ್ಲ. ಬಾಗಿಲು ಗುದ್ತೀನಿ. ಮುರಿದ್ರೆ ಮುರೀಲಿ. ಪರ್ಮಿಟ್ ಹೋದ್ರೆ ಹೋಗ್ಲಿ.

ಎದ್ದು ನಿಂತು ದಾಳ ಎಸೆದ. ಆರು. ಬಾಗಿಲು ಚೂರುಚೂರಾಯಿತು ಎಂದೆ. ಶಂಕರನಿಗೂ ಉತ್ಸಾಹ ಬಂತು.

ಶಂಕರ: ರುದ್ರಛಾಯನೂ ಹಿಂದೇನೇ ಬಂದ. ಒಂದ್ನಿಮಿಷ ಇರು, ಶೂ ಬಿಚ್ತೀನಿ.

ಯೋಗೀಶ: ಶೂ ಬಿಚ್ತೀಯಾ? ನಮ್ಮಮ್ಮ ಹೆಪ್ಪುಗಟ್ತಾ ಇದಾರೆ, ನೀನು ಶೂ ಬಿಚ್ತೀಯಾ?

ಶಂಕರ: ಇನ್ನೊಬ್ಬರ ಮನೆಗೆ ಶೂ ಹಾಕ್ಕೊಂಡು ಹೋಗ್ಲಾ? ಏನೋ ಆಟ ಬಿಡೋ, ಸ್ವಲ್ಪ ತಮಾಷೆ ಇರ್ಲಿ.

ಯೋಗೀಶ: ತಮಾಷೆ ಇಲ್ಲ, ಗಿಮಾಷೆ ಇಲ್ಲ. ಮೊದಲು ತೀರ್ಮಾನ ಆಗ್ಲಿ. ಇದು ನಗೋ ಆಟನಾ, ಸೀರಿಯಸ್ ಆಟನಾ? ಎಲ್ಲರೂ ಒಪ್ಪೋವರೆಗೂ ತಟ್ಟಪ್ಪ ಮೆಟ್ಟಿಲು ಹತ್ತಲ್ಲ.

ಮೂರನೆಯ ಸಲವೂ ಅಲ್ಲೇ ಬಂದು ನಿಂತಿದ್ದೆವು, ಇಬ್ಬರ ಪಕ್ಷ ಮಾತ್ರ ಅದಲುಬದಲಾಗಿತ್ತು. ಇವರು ಹತ್ತದಿದ್ದರೆ ಬೇಡ, ಮೇಲಿನವರನ್ನೇ ಇಳಿಸಿಬಿಡೋಣ ಎಂದುಕೊಂಡೆ.

ನಾನು: ನೀವಿಬ್ಬರೂ ಕೆಳಗೆ ಜಗಳ ಆಡ್ತಾ ಇರೋದು ಕೇಳಿ ಅಮ್ಮನೇ ಇಳಿದು ಬಂದ್ರು. ಹಿಮಕಂಠನ ಕಿವಿ ಹಿಡ್ಕೊಂಡಿದಾರೆ. ಮುರಿದ ಬಾಗಿಲು ನೋಡಿದ್ರು. 'ಯಾರು ಮಾಡಿದ್ದು ಇದು?' ಅಂತ ಕೇಳ್ತಾ ಇದಾರೆ.

ಶಂಕರ, ಯೋಗೀಶ (ಒಟ್ಟಿಗೆ, ಒಬ್ಬರನ್ನೊಬ್ಬರು ತೋರಿಸುತ್ತ): ಇವನೇ.

ಅವತ್ತು ಅವರಿಬ್ಬರೂ ಒಪ್ಪಿ ಹೇಳಿದ ಮಾತು ಅದೊಂದೇ. ಶಂಕರ ಗಡಿಯಾರ ನೋಡಿದ.

ಶಂಕರ: ಬಿಸಿಬೇಳೆಬಾತ್ ಬಿಸಿ ಮಾಡ್ಲಾ? ನಿನ್ನ ಟ್ರೇನ್ ಟೈಮ್ ಆಯ್ತು. ಅಂದಹಾಗೆ ಕನಕಪುರ ರೋಡಲ್ಲಿ ಒಂದು ಸೈಟು...

ದಾಳ ಎತ್ತಿಡಲು ನಾನು ಕೈ ಚಾಚಿದೆ. ಯೋಗೀಶ ಅದರ ಮೇಲೆ ಅಂಗೈ ಇಟ್ಟ.

ಯೋಗೀಶ: ಸೈಟಿನ ಮನೆ ಹಾಳಾಗ್ಲಿ. ಟ್ರೇನ್ ಇನ್ನೊಂದಿದೆ. ವೈದೇಹಿ, ಅಮ್ಮ ಆಮೇಲೆ ಏನಂದ್ರು?

ನಾನು: ಚಳಿ ಇದೆ, ಇಬ್ಬರೂ ಮೇಲೆ ಬನ್ರೋ ಅಂದ್ರು. ಶೂ ಬಿಚ್ಚಿ.