ವ್ಯತ್ಯಾಸವೇನೂ ಇಲ್ಲ ಸಾರ್

ಕೊಡೆ ಕಾರ್ಖಾನೆಯ ತಪಾಸಣೆಯವನಿಗೆ ಆ ದಿನ ಗ್ರಹಚಾರ ವಕ್ರಿಸಿದ್ದು ಹೆಂಡತಿಯ ತಮ್ಮನಿಂದ. ಕಾರ್ಖಾನೆಯಲ್ಲಿ ಕೊಡೆಗೆ ಕಡ್ಡಿ ಕೂರಿಸುವ ಮೇಜು ಎರಡು: ಕಿಟಕಿ ಪಕ್ಕದ್ದೊಂದು, ಗೋಡೆ ಪಕ್ಕದ್ದೊಂದು. ಗೋಡೆ ಮೇಜಿಗೆ ಈ ಭಾವಮೈದನೇ ಮೇಸ್ತ್ರಿ. ಕಿಟಕಿ ಮೇಜಿನ ಇನ್ನೂರು ಕೊಡೆಗಳಲ್ಲಿ ಹನ್ನೆರಡು ಅಂಗಡಿಯಿಂದ ಮುರಿದು ವಾಪಸು ಬಂದಿದ್ದರೆ, ಇವನ ಇನ್ನೂರರಲ್ಲಿ ಹದಿನೆಂಟು ಬಂದಿದ್ದವು. ಮೇಸ್ತ್ರಿಯನ್ನು ಮನೆಗೆ ಕಳಿಸುವುದೆಂದು ಮ್ಯಾನೇಜರು ಹಟ ಹಿಡಿದಿದ್ದರು.

"ಅವನ ಕೆಲಸ ಹೋದ್ರೆ ಹೆಂಡ್ತಿ, ಮೂರು ಮಕ್ಕಳ್ನ ಕಟ್ಕೊಂಡು ಎಲ್ಲಿಗೆ ಹೋಗ್ತಾನ್ರೀ? ಇಲ್ಲಿಗೇ," ಎಂದಳು ಹೆಂಡತಿ.

ತಪಾಸಣೆಯವನು ಸುತ್ತ ನೋಡಿದ. ಕಾರ್ಖಾನೆ ಕೊಟ್ಟ ಮನೆ, ಒಂದೂವರೆ ಕೋಣೆ. ಅರ್ಧದಲ್ಲಿ ಒಲೆ ಇತ್ತು. ಅವನಿಗೆ ಅಳುವೇ ಬಂತು.

ಕಾರ್ಖಾನೆಗೆ ಹೋದವನೇ ಲೆಕ್ಕಕ್ಕೆ ಕೂತ. ಸ್ಟೋರಿನವನು ಹೆಗಲ ಮೇಲಿಂದ ಬಗ್ಗಿ ನೋಡಿ, "ಭಾವಮೈದ ಅಂದ್ರೆ ಲೆಕ್ಕಾನೂ ಬಗ್ಗುತ್ತೆ ಬಿಡಪ್ಪ," ಎಂದು ಹಲ್ಲು ಕಿರಿದ. ಲೆಕ್ಕ ಬಗ್ಗಿರಲಿಲ್ಲ, ಪಾಪ. ತಪಾಸಣೆಯವನು ಲೆಕ್ಕದ ಹಾಳೆ ಹಿಡಿದು ಮ್ಯಾನೇಜರ ಮುಂದೆ ನಿಂತ.

"ಸಾರ್, ಎರಡೂ ಮೇಜಿನ ಕೈಕೆಲಸ ಒಂದೇ ಥರ ಇದ್ರೂ, ಬರೀ ಅದೃಷ್ಟದಾಟಕ್ಕೆ ಇಷ್ಟು ಅಂತರ ನಾಲ್ಕು ಸಲಕ್ಕೊಂದ್ಸಲ ಬರುತ್ತೆ. ನೂರಕ್ಕೆ ಐದು ಸಲಾನೂ ಬರಲ್ಲ ಅನ್ನೋ ಹಾಗಿದ್ರೆ ಮೇಸ್ತ್ರೀನ ಅನುಮಾನಿಸಬಹುದಿತ್ತು."

"ಹಾಗಾದ್ರೆ ಎರಡೂ ಮೇಜು ಒಂದೇ ಅಂತಾಯ್ತಲ್ಲ?"

ವ್ಯತ್ಯಾಸ ಸಾಬೀತಾಗಿಲ್ಲ ಅಷ್ಟೇ, ವ್ಯತ್ಯಾಸ ಇಲ್ಲವೆಂದೂ ಸಾಬೀತಾಗಿಲ್ಲ ಎಂಬ ಮಾತು ನಾಲಗೆ ತುದಿಗೆ ಬಂತು. ಅಷ್ಟರಲ್ಲಿ ಆ ಮೂರು ಮಕ್ಕಳು ಅರ್ಧ ಕೋಣೆಯಲ್ಲಿ ಕುಸ್ತಿ ಆಡುವುದು ಕಣ್ಣಿಗೆ ಕಟ್ಟಿತು. ಮಾತು ನುಂಗಿಕೊಂಡ.

"ವ್ಯತ್ಯಾಸವೇನೂ ಇಲ್ಲ ಸಾರ್."

ಭಾವಮೈದ ಉಳಿದುಕೊಂಡ. ಸಂಜೆ ಮ್ಯಾನೇಜರು ಮತ್ತೆ ಕರೆಸಿದರು. ಮುಖ ಊರಗಲ ಅರಳಿತ್ತು.

"ಭೇಷ್ ಕಣಯ್ಯ, ಎಂಥಾ ಲೆಕ್ಕ ಕಲಿಸ್ದೆ! ನೀನು ನೋಡಿ ಕಳಿಸಿದ ಕೊಡೆ ಒಂದ್ಕಡೆ, ನೀನು ಜ್ವರ ಅಂತ ಮಲಗಿದ್ದಾಗ ಯಾರೂ ನೋಡದೆ ಹೋದ ಕೊಡೆ ಇನ್ನೊಂದ್ಕಡೆ ಇಟ್ಟು ನಾನೇ ಮಾಡ್ದೆ. ನೀನಿಲ್ಲದಾಗ ವಾಪಸು ಬಂದಿದ್ದು ಒಂಚೂರು ಜಾಸ್ತಿ. ಆದ್ರೆ ಅಷ್ಟು ಅಂತರ ನಾಲ್ಕು ಸಲಕ್ಕೊಂದ್ಸಲ ಸುಮ್ಸುಮ್ನೇ ಬರುತ್ತೆ."

"ಅಯ್ಯೋ ಸಾರ್! ಸಾಬೀತಾಗ್ಲಿಲ್ಲ ಅಂದ ಮಾತ್ರಕ್ಕೆ ವ್ಯತ್ಯಾಸವೇ ಇಲ್ಲ ಅಂತಲ್ಲ! ಇನ್ನೂ ಸಾವಿರಾರು ಕೊಡೆ ನೋಡ್ಬೇಕು..."

"ಬೆಳಿಗ್ಗೆ ನೀನೇ ತಾನೇ ಹೇಳಿದ್ದು? ನೀನಿದ್ರೂ ಒಂದೇ, ಇಲ್ದಿದ್ರೂ ಒಂದೇ. ನಾಳೆ ಮನೆ ಬೀಗದ ಕೈ ಆಫೀಸಿಗೆ ಕೊಟ್ಬಿಡು."

ಮನೆ ಮುಟ್ಟುವಷ್ಟರಲ್ಲಿ ಭಾವಮೈದ ಸಾಮಾನು ಕಟ್ಟಲು ಹಗ್ಗ ಹಿಡಿದು ಬಾಗಿಲಲ್ಲೇ ನಿಂತಿದ್ದ. "ಯೋಚ್ನೆ ಮಾಡ್ಬೇಡಿ ಭಾವ. ನಮ್ಮನೆ ಒಂದೇ ಕೋಣೆ ಆದ್ರೇನು? ನಾನಿದೀನಲ್ಲ, ಬಂದ್ಬಿಡಿ."

ಹೆಂಡತಿ ಪಾತ್ರೆ ಗಂಟು ಕಟ್ಟುತ್ತಾ ಮೂಗೊರೆಸಿಕೊಂಡಳು. "ಅವರು ಬಂದಿದ್ರೂ ಇಕ್ಕಟ್ಟೇ, ನಾವು ಹೋದ್ರೂ ಇಕ್ಕಟ್ಟೇ. ವ್ಯತ್ಯಾಸ ಏನಿದೆ ಬಿಡಿ."

ತಪಾಸಣೆಯವನು ಗಂಟು ಎತ್ತಿಕೊಂಡ. ಇಲ್ಲಾಗಿದ್ದರೆ ದಿನವೂ ಗೊಣಗುವವಳು ತನ್ನ ಹೆಂಡತಿ, ಅಲ್ಲಿ ಗೊಣಗುವವಳು ಭಾವಮೈದನ ಹೆಂಡತಿ. ಆ ವ್ಯತ್ಯಾಸಕ್ಕೆ ಯಾವ ಲೆಕ್ಕವೂ ಬೇಕಿರಲಿಲ್ಲ.