ನಲವತ್ತನೆಯ ಜಾಗ

ಎಲ್ಡನ್ ಪ್ರೂಯಿಟ್‌ಗೆ ನಿವೃತ್ತಿಯಾಗುವ ಆಸೆ ಇರಲಿಲ್ಲ. ನಿವೃತ್ತಿಯಾದರೆ ಎಷ್ಟು ಬರುತ್ತದೆ ಎಂದು ನೋಡುವ ಆಸೆಯಷ್ಟೇ ಇತ್ತು. ಅಂಗಡಿಯ ಗಾಜಿನಾಚೆ ನೇತುಹಾಕಿದ ಕೋಟನ್ನು ನೋಡಿದವರೆಲ್ಲ ಕೊಳ್ಳುತ್ತಾರೆಯೇ? ಆದರೆ ಆ ಶುಕ್ರವಾರ ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಅವನು ನೋಡಲು ಹೋದ ಕೋಟು ಅವನ ಮೈಮೇಲೇ ಬಂದು ಕೂತಿತು.

ಬಟ್ಟೆ ಒಗೆಯುವ ಯಂತ್ರ ತಯಾರಿಸುವ ಆ ದೊಡ್ಡ ಕಂಪನಿಯ ಓಹಾಯೋ ಕಚೇರಿಯಲ್ಲಿ, ವಾರಂಟಿ ವಿಭಾಗದ ಒಂದೇ ಮೇಜಿನಲ್ಲಿ ಅವನು ಇಪ್ಪತ್ತೇಳು ವರ್ಷ ಕಳೆದಿದ್ದ. ಯಂತ್ರ ಕೆಟ್ಟಿತೆಂದು ಜನ ಗೋಳಾಡಿ ಬರೆದರೆ, ‘ಕಾರ್ಡಿನ ಹಿಂಬದಿಯಲ್ಲಿರುವ ಷರತ್ತುಗಳನ್ನು ದಯವಿಟ್ಟು ಓದಿಕೊಳ್ಳಿ’ ಎಂದು ವಿನಯದಿಂದ ಉತ್ತರ ಬರೆಯುವುದು ಅವನ ಕೆಲಸ. ಈಗ ಅವನಿಗೆ ಅರವತ್ತೊಂದು. ಕೂದಲು ಹೋಗಿತ್ತು, ಸೊಂಟ ಹೋಗುವುದರಲ್ಲಿತ್ತು, ಕೆಲಸ ಮಾತ್ರ ಉಳಿದಿತ್ತು.

ಖರ್ಚು ತಗ್ಗಿಸಲು ಕಂಪನಿ ಒಂದು ಯೋಜನೆ ಹೊರಡಿಸಿತ್ತು. ಹಳಬರಲ್ಲಿ ನಲವತ್ತು ಜನ ತಾವಾಗಿಯೇ ಕೆಲಸ ಬಿಟ್ಟರೆ ಈಗಿನಿಂದಲೇ ಪಿಂಚಣಿ. ಜೊತೆಗೆ, ಇನ್ನು ಮೂರು ವರ್ಷ ದುಡಿದ ಮೇಲೆ ಸಿಗಬೇಕಿದ್ದ ಆರುನೂರು ಬಹುಮಾನದ ಷೇರುಗಳು ಈಗಲೇ ಕೈಗೆ. ಕೊನೆಯ ದಿನ ಅಂದೇ, ಸಂಜೆ ನಾಲ್ಕರವರೆಗೆ. ತನ್ನ ಅಂಕಿ ಎಷ್ಟೆಂದು ನೋಡೋಣ ಎಂದು ಎಲ್ಡನ್ ಕಂಪ್ಯೂಟರಿನಲ್ಲಿ ಆ ಪುಟ ತೆರೆದ. ಹುಟ್ಟಿದ ದಿನ ಕೇಳಿತು, ಕೊಟ್ಟ. ‘ಎಲ್ಲವನ್ನೂ ಓದಿ ಒಪ್ಪಿದ್ದೇನೆ’ ಎಂಬ ಕಡೆ ಗುರುತು ಹಾಕೆಂದಿತು, ಹಾಕಿದ. ‘ಮುಂದೆ’ ಎಂಬುದನ್ನು ಒತ್ತಿದ.

‘ಅಭಿನಂದನೆಗಳು, ಎಲ್ಡನ್!’ ಎಂದಿತು ಪರದೆ. ‘ನಲವತ್ತನೆಯ ಮತ್ತು ಕೊನೆಯ ಜಾಗ ನಿಮ್ಮದು. ನಿಮ್ಮ ಕೆಲಸದ ಕೊನೆಯ ದಿನ: ಇಂದು.’

ನೀರು ಕಟ್ಟಿಕೊಂಡ ಕೊಳವೆಯಂಥ ಒಂದು ಸದ್ದು ಎಲ್ಡನ್‌ನ ಗಂಟಲಿನಿಂದ ಹೊರಟಿತು. ಪಕ್ಕದ ಮೇಜಿನ ಗ್ಲೆಂಡಾ ಥಟ್ಟನೆ ಇತ್ತ ಬಗ್ಗಿದಳು. ಬೇರೆಯವರ ಪರದೆ ಓದುವುದರಲ್ಲಿ ಅವಳ ಕಣ್ಣು ಹದ್ದಿನ ಕಣ್ಣು.

“ಅಯ್ಯೋ ದೇವ್ರೇ, ಎಲ್ಡನ್! ಹೊರಟುಬಿಟ್ಯಾ? ಒಂದು ಮಾತು ಹೇಳ್ಲಿಲ್ವಲ್ಲೋ ಕಳ್ಳ!”

“ಇಲ್ಲ ಗ್ಲೆಂಡಾ, ನಾನು ಬರೀ ನೋಡ್ತಾ ಇದ್ದೆ—”

“ನೋಡಿ ನೋಡೀ ಕೊನೆಗೂ ಧೈರ್ಯ ಮಾಡ್ದೆ ಅನ್ನು! ಕೇಳ್ರಪ್ಪಾ ಎಲ್ರೂ, ನಮ್ಮ ಎಲ್ಡನ್‌ಗೆ ಇವತ್ತೇ ಕೊನೇ ದಿನ!”

ಹತ್ತು ನಿಮಿಷದಲ್ಲಿ ಸುದ್ದಿ ಬಿಡಿಭಾಗಗಳ ವಿಭಾಗ ದಾಟಿ ಕ್ಯಾಂಟೀನು ಮುಟ್ಟಿತು. ಹೆಸರೂ ಗೊತ್ತಿಲ್ಲದವರು ಬಂದು ಬೆನ್ನು ತಟ್ಟಿದರು. ‘ಮೀನು ಹಿಡಿಯೋಕೆ ಹೋಗ್ತೀಯೇನಪ್ಪಾ?’ ಎಂದು ಮೂವರು ಕೇಳಿದರು. ಎಲ್ಡನ್‌ಗೆ ಮೀನಿನ ವಾಸನೆಯೇ ಆಗದು. ಗ್ಲೆಂಡಾ ಒಂದು ಲಕೋಟೆ ಹಿಡಿದು ಮೇಜಿಂದ ಮೇಜಿಗೆ ಎರಡೆರಡು ಡಾಲರ್ ಎತ್ತತೊಡಗಿದಳು. ಗದ್ದಲದಲ್ಲಿ ಲಕೋಟೆ ಎಲ್ಡನ್‌ನ ಮುಂದೂ ಬಂತು. ಅವನೂ ಎರಡು ಡಾಲರ್ ಹಾಕಿದ.

ಆಮೇಲೆ ಮೆಟ್ಟಿಲ ಬಳಿ ಹೋಗಿ ಹೆಂಡತಿಗೆ ಫೋನು ಮಾಡಿದ. ನೇಡೀನ್‌ಗೆ ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಸಲ ಇನ್ಸುಲಿನ್. ಔಷಧಿಯ ಖರ್ಚೆಲ್ಲ ಕಂಪನಿಯ ವಿಮೆಯಲ್ಲಿ ನಡೆಯುತ್ತಿತ್ತು.

“ನೇಡೀನ್, ಒಂದು ತಪ್ಪಾಗಿಹೋಯ್ತು. ನಾನು ನಿವೃತ್ತಿ ಆಗ್ಬಿಟ್ಟೆ.”

ಆ ಕಡೆ ನಲ್ಲಿ ನಿಲ್ಲಿಸಿದ ಸದ್ದು ಕೇಳಿತು.

“ತಪ್ಪು ಯಾಕೆ ಅಂತೀಯ?” ಎಂದಳು ನೇಡೀನ್ ಮೆಲ್ಲಗೆ. “ಬಂದ್ಬಿಡು ಮನೆಗೆ. ಇಪ್ಪತ್ತೇಳು ವರ್ಷ ಆಯ್ತು, ಹಗಲು ಹೊತ್ನಲ್ಲಿ ನಿನ್ನ ಮುಖ ನೋಡಿದ್ದೇ ಭಾನುವಾರ. ಹೇಗೋ ಆಗುತ್ತೆ ಬಿಡು.”

‘ಹೇಗೋ ಆಗುತ್ತೆ’ ಎಂಬ ಮಾತು ಎಲ್ಡನ್‌ನ ಎದೆಯಲ್ಲಿ ಒಂದು ಕ್ಷಣ ಬೆಚ್ಚಗೆ ಕೂತಿತು. ಅದನ್ನೇ ಹೊತ್ತುಕೊಂಡು ಮೇಜಿಗೆ ಮರಳಿದ. ಅಲ್ಲಿ ಅವನ ಕುರ್ಚಿ ಇರಲಿಲ್ಲ. ಬೆನ್ನಿಗೆ ಒರಗು ಚೆನ್ನಾಗಿದ್ದ ಆ ಕುರ್ಚಿಯನ್ನು ಲೆಕ್ಕಪತ್ರದವರು ಆಗಲೇ ಉರುಳಿಸಿಕೊಂಡು ಹೋಗಿದ್ದರು. ಬದಲಿಗೆ ಇಟ್ಟಿದ್ದ ಕುರ್ಚಿ, ಕೂತ ತಕ್ಷಣ ಉಸ್ಸೆಂದು ನಿಟ್ಟುಸಿರು ಬಿಡುತ್ತ ಲಿಫ್ಟಿನಂತೆ ನಿಧಾನವಾಗಿ ಕೆಳಗಿಳಿಯುವ ಜಾತಿಯದು.

ಅವನು ಹೀಗೆ ಇಳಿಯುತ್ತಿದ್ದಾಗಲೇ ಎದುರು ಮೇಜಿನ ಲೈಲ್ ಹೆಂಡ್ರಿಕ್ಸ್ ಪೆನ್ಸಿಲ್ ಹಿಡಿದು ಬಂದ. ಇಪ್ಪತ್ತೆರಡು ವರ್ಷದಿಂದ ಇಬ್ಬರೂ ಎದುರುಬದುರು; ಕಾಗದಕ್ಕೆ ಎಲ್ಡನ್, ದೂರಿನ ಫೋನಿಗೆ ಲೈಲ್. ಲೈಲ್ ಕಡಿಮೆ ಮಾತಿನವನು, ಲೆಕ್ಕದಲ್ಲಿ ಗಟ್ಟಿಗ.

“ಎಲ್ಡನ್, ತಲೆ ಕೆಟ್ಟಿದೆಯಾ ನಿಂಗೆ?” ಎಂದ ಅವನು ತಗ್ಗಿದ ದನಿಯಲ್ಲಿ. “ಲೆಕ್ಕ ಹಾಕಿದೀಯಾ?”

“ಇಲ್ಲ. ಹಾಕೋಕೇ ಹೋಗಿದ್ದೆ.”

“ಬಾ, ಹಾಕೋಣ. ಪಿಂಚಣಿ ಎಷ್ಟು?”

“ತಿಂಗಳಿಗೆ ಸಾವಿರದ ನಾನ್ನೂರ ಹನ್ನೆರಡು.”

“ಸರಿ. ಕೆಲಸ ಬಿಟ್ರೆ ಕಂಪನಿ ವಿಮೆ ಹೋಯ್ತು. ಸರ್ಕಾರದ ವಿಮೆ ಸಿಗೋದು ಅರವತ್ತೈದಕ್ಕೆ. ಅಲ್ಲೀವರೆಗೆ ನಿಂಗೆ, ನೇಡೀನ್‌ಗೆ ಹೊರಗಡೆ ವಿಮೆ ಕೊಳ್ಳಬೇಕು. ಸಾವಿರದ ಐನೂರ ಮೂವತ್ತೆಂಟು, ವಿಚಾರಿಸಿದೀನಿ.” ಲೈಲ್ ಕಳೆದು ತೋರಿಸಿದ. “ಅಂದ್ರೆ ಮನೇಲಿ ಸುಮ್ನೆ ಕೂರೋಕೆ ನೀನೇ ತಿಂಗಳಿಗೆ ನೂರ ಇಪ್ಪತ್ತಾರು ಡಾಲರ್ ಕೈಯಿಂದ ಹಾಕಬೇಕು. ಅನ್ನ ನೀರು ಬೇರೆ.”

ಎಲ್ಡನ್ ಇನ್ನೆರಡು ಇಂಚು ಕೆಳಗಿಳಿದ. “ನನ್ನ ಉಳಿತಾಯ ಇದೆಯಲ್ಲ…”

“ಎಲ್ಲಾ ಕಂಪನಿ ಷೇರಿಗೇ ಹಾಕಿದೀಯ. ಸರಾಸರಿ ಐವತ್ತೆರಡಕ್ಕೆ ತೊಗೊಂಡಿದ್ದು. ಇವತ್ತೆಷ್ಟು?”

“ಹದಿನೇಳು.”

ಲೈಲ್ ತನ್ನ ಫೋನು ನೋಡಿದ. “ಹದಿನಾರೂವರೆ. ನೀನು ಹದಿನೇಳು ಅನ್ನೋಷ್ಟರಲ್ಲಿ ಇಳೀತು.”

“ಮತ್ತೆ ಆ ಆರುನೂರು ಷೇರು? ಈಗ್ಲೇ ಕೊಡ್ತಾರಂತೆ.”

“ಬಿದ್ದ ಬೆಲೇಲಿ ಕೊಡ್ತಾರೆ. ಮೂರು ವರ್ಷದಲ್ಲಿ ನಲವತ್ತಾಗುತ್ತೆ ಅಂತ ಅಧ್ಯಕ್ಷರೇ ಭಾಷಣದಲ್ಲಿ ಹೇಳಿದ್ರು. ಕೆಲಸದಲ್ಲಿದ್ರೆ ಆಗ ಸಿಗುತ್ತೆ.” ಲೈಲ್ ಕೊನೆಯ ಗೆರೆ ಎಳೆದು ಕಾಗದವನ್ನು ತಿರುಗಿಸಿಟ್ಟ. “ಇದು ಸರಿಹೋಗ್ಬೇಕಾದ್ರೆ ನೀನು ಅರವತ್ತನಾಲ್ಕಕ್ಕೆ ಸಾಯಬೇಕು. ಅದಾಗುತ್ತೆ ಅಂತ ಭರವಸೆ ಇದೆಯಾ?”

“ಇಲ್ಲ,” ಎಂದ ಎಲ್ಡನ್ ತಪ್ಪೊಪ್ಪಿಕೊಳ್ಳುವವನಂತೆ. “ನಮ್ಮಪ್ಪ ತೊಂಬತ್ತೊಂದರವರೆಗೆ ಇದ್ರು.”

ಎದೆಯಲ್ಲಿ ಬೆಚ್ಚಗೆ ಕೂತಿದ್ದ ಮಾತು ಎದ್ದು ಹೋಯಿತು. ಅಂಕಿಗಳ ಮುಂದೆ ‘ಹೇಗೋ’ ಎಂಬುದಕ್ಕೆ ಜಾಗವೆಲ್ಲಿ? ಕಿಟಕಿಯಾಚೆ ಹಿಮ ಕಂದುಬಣ್ಣಕ್ಕೆ ತಿರುಗಿ ಕರಗುತ್ತಿತ್ತು. ನೇಡೀನ್‌ಳ ಔಷಧಿ ಇಡುವ ಫ್ರಿಜ್ಜಿನ ಕಪಾಟು ಖಾಲಿಯಾಗಿ ಬೆಳಕು ಮಾತ್ರ ಉರಿಯುತ್ತಿರುವಂತೆ ಅವನಿಗೆ ಕಂಡಿತು.

“ಈಗೇನ್ಮಾಡ್ಲಿ ಲೈಲ್?”

“ವಾಪಸ್ ತೊಗೋ. ನಾಲ್ಕು ಗಂಟೆವರೆಗೆ ಅವಕಾಶ ಇದೆ. ಒಂದು ಫಾರಂ, ಮೇಲಧಿಕಾರಿ ಸಹಿ, ಆರನೇ ಮಹಡೀಲಿ ಮುದ್ರೆ. ನಾನು ಬರ್ತೀನಿ ನಿನ್ನ ಜೊತೆ.”

ಇಪ್ಪತ್ತೆರಡು ವರ್ಷದಲ್ಲಿ ಲೈಲ್ ಇಷ್ಟು ಕಾಳಜಿ ತೋರಿಸಿದ್ದು ಅದೇ ಮೊದಲು. ಎಲ್ಡನ್‌ನ ಕಣ್ಣು ಒದ್ದೆಯಾಯಿತು.

ಫಾರಂ ಅನ್ನು ಲೈಲ್ ಎಲ್ಲಿಂದಲೋ ಆಗಲೇ ತಂದಿದ್ದ. ‘ಹಿಂತೆಗೆದುಕೊಳ್ಳಲು ಕಾರಣ’ ಎಂಬ ಕಡೆ ಎಲ್ಡನ್ ‘ಭಯ’ ಎಂದು ಬರೆಯಹೊರಟ. ಲೈಲ್ ತಡೆದ. “‘ಕೆಲಸದ ಮೇಲಿನ ಪ್ರೀತಿ’ ಅಂತ ಬರಿ. ಅದಾದ್ರೆ ಯಾರೂ ಪ್ರಶ್ನೆ ಕೇಳಲ್ಲ.”

ಮೇಲಧಿಕಾರಿ ಮಿಸೆಸ್ ಡನಿಂಗ್ ಹತ್ತು ಗಂಟೆಯಿಂದ ಗಾಜಿನ ಕೋಣೆಯೊಳಗೆ ಸಭೆಯಲ್ಲಿದ್ದಳು. ಮೂರು ಗಂಟೆಯಾಯಿತು, ಸಭೆ ಮುಗಿಯಲಿಲ್ಲ. ಸಭೆಯ ವಿಷಯ ‘ನೌಕರರ ಸಂತೋಷ’ ಎಂದು ಬಾಗಿಲ ಮೇಲೆ ಬರೆದಿತ್ತು. ಕೊನೆಗೆ ಲೈಲ್ ಫಾರಂ ಅನ್ನು ಗಾಜಿಗೆ ಒತ್ತಿ ಹಿಡಿದ. ಎಲ್ಡನ್ ಪಕ್ಕದಲ್ಲಿ ನಿಂತು ಕೈ ಬೀಸಿದ. ಅವನು ವಿದಾಯ ಹೇಳಲು ಬಂದಿದ್ದಾನೆಂದು ತಿಳಿದು ಒಳಗಿದ್ದ ಹನ್ನೊಂದು ಜನರೂ ಎದ್ದು ನಿಂತು ಕೈ ಬೀಸಿದರು. ಒಬ್ಬರು ಚಪ್ಪಾಳೆ ಶುರುಮಾಡಿದರು. ಚಪ್ಪಾಳೆ ನಿಲ್ಲುವವರೆಗೆ ಎಲ್ಡನ್ ತಲೆಬಾಗಿಸಿ ನಿಂತಿದ್ದ; ಬೇರೆ ದಾರಿ ಇರಲಿಲ್ಲ.

ಹೊರಬಂದ ಮಿಸೆಸ್ ಡನಿಂಗ್ ಅವನನ್ನು ಅಪ್ಪಿಕೊಂಡಳು. ವಿಷಯ ತಿಳಿದ ಮೇಲೆ ತೋಳು ಸಡಿಲಿಸಿದಳು.

“ಹೋಗಲ್ವಾ ನೀವು?” ಎಂದಳು, ಮುಖ ಸಪ್ಪಗೆ ಮಾಡಿಕೊಂಡು.

“ಕ್ಷಮಿಸಿ ಮೇಡಂ.”

“ಯೋಚನೆ ಮಾಡಿದೀರಾ?”

“ಮಾಡಿದಾನೆ ಮೇಡಂ, ಬೆಳಿಗ್ಗೆಯಿಂದ ಅದೇ ಮಾಡ್ತಿದ್ದಾನೆ,” ಎಂದ ಲೈಲ್, ಪೆನ್ನಿನ ಮುಚ್ಚಳ ತೆಗೆದು ಅವಳ ಕೈಗಿಡುತ್ತ.

ಆರನೆಯ ಮಹಡಿಯಲ್ಲಿ ಸರದಿ ಇತ್ತು. ಕಿಟಕಿಯ ಹಿಂದಿದ್ದ ಹೆಂಗಸು ಫಾರಂ ಅನ್ನು ಹಿಂದೆ ಮುಂದೆ ತಿರುಗಿಸಿದಳು.

“ಮೊದಲು ಒಪ್ಪಿದ್ದು ಯಾಕೆ, ಈಗ ಬೇಡ ಅನ್ನೋದು ಯಾಕೆ? ಷರತ್ತು ಓದ್ಲಿಲ್ವಾ ಸರ್?”

ಇಪ್ಪತ್ತೇಳು ವರ್ಷ ತಾನು ದಿನಕ್ಕೆ ನಲವತ್ತು ಸಲ ಬರೆದ ಆ ಮಾತು ಕಿವಿಗೆ ಬಿದ್ದಾಗ ಹೇಗಿರುತ್ತದೆಂದು ಎಲ್ಡನ್‌ಗೆ ಅಂದೇ ತಿಳಿದದ್ದು.

“ಸಾಕ್ಷಿಯವರ ಸಹಿ ಬೇಕಾಗುತ್ತೆ—” ಎಂದು ಅವಳು ಮಾತು ಮುಗಿಸುವ ಮೊದಲೇ ಲೈಲ್ ಸಹಿ ಹಾಕಿದ್ದ. ಮೂರು ಗಂಟೆ ಐವತ್ತನಾಲ್ಕು ನಿಮಿಷಕ್ಕೆ ಮುದ್ರೆ ಬಿತ್ತು. ಲಿಫ್ಟಿನಲ್ಲಿ ಎಲ್ಡನ್ ಲೈಲ್‌ನ ಕೈ ಹಿಡಿದುಕೊಂಡ.

“ನೀನಿಲ್ದಿದ್ರೆ ನನ್ನ ಗತಿ ಏನಾಗ್ತಿತ್ತೋ.”

“ಬಿಡು, ಅದೇನು ಮಹಾ,” ಎಂದ ಲೈಲ್, ಮಹಡಿಯ ಅಂಕಿ ನೋಡುತ್ತ.

ಕೆಳಗೆ ಇಡೀ ವಿಭಾಗ ಮೇಜಿನ ಸುತ್ತ ನೆರೆದಿತ್ತು. ನಡುವೆ ಗ್ಲೆಂಡಾ ತರಿಸಿದ ಕೇಕು. ಅದರ ಮೇಲೆ ನೀಲಿ ಕೆನೆಯಲ್ಲಿ ‘ಹೋಗಿ ಬಾ ಎಲ್ಡನ್’. ಹೋಗುವುದಿಲ್ಲವೆಂದು ಎಲ್ಡನ್ ತಿಳಿಸಿದಾಗ ಎಲ್ಲರೂ ಅವನನ್ನೇ ದಿಟ್ಟಿಸಿದರು. ಸತ್ತವನು ಎದ್ದು ಕೂತರೆ ನೆಂಟರು ಹೀಗೇ ನೋಡುತ್ತಾರೇನೋ.

“ಎರಡು ಡಾಲರ್ ವಾಪಸ್ ಕೊಡೋಕಾಗಲ್ಲ,” ಎಂದಳು ಗ್ಲೆಂಡಾ. “ಕೇಕು ತಂದಾಗಿದೆ.”

ಆಗ ಲೈಲ್‌ನ ಫೋನು ಟಿಣ್ ಎಂದಿತು. ಅವನು ನೋಡಿದ. ಅವನ ಮುಖ ಮೊದಲು ಬೆಳ್ಳಗಾಗಿ ಆಮೇಲೆ ಕೆಂಪಾಯಿತು. ಜೇಬಿಗಿಡುವ ಮೊದಲೇ ಗ್ಲೆಂಡಾಳ ಕತ್ತು ಅವನ ಭುಜದ ಮೇಲಿತ್ತು.

“‘ಅಭಿನಂದನೆಗಳು, ಲೈಲ್!’” ಎಂದು ಅವಳು ಜೋರಾಗಿ ಓದಿದಳು. “‘ಒಬ್ಬರು ಹಿಂದೆ ಸರಿದದ್ದರಿಂದ, ಕಾಯುವ ಪಟ್ಟಿಯಲ್ಲಿ ಮೊದಲಿಗರಾದ ನಿಮಗೆ ನಲವತ್ತನೆಯ ಜಾಗ ದೊರೆತಿದೆ.’ ಅಬ್ಬಾ ಲೈಲ್, ನೀನೂ ಕಳ್ಳನೇ!”

ಎಲ್ಡನ್ ಲೈಲ್‌ನತ್ತ ತಿರುಗಿದ.

“ಪಟ್ಟಿಗೆ ಯಾವಾಗ ಸೇರ್ದೆ?”

“ಒಂಬತ್ತೂ ಹನ್ನೆರಡಕ್ಕೆ,” ಎಂದ ಲೈಲ್. ಅವನ ದನಿಯಲ್ಲಿ ನಿಜವಾದ ನೋವಿತ್ತು. “ನೀನು ಒತ್ತಿದ್ದು ಒಂಬತ್ತೂ ಹತ್ತಕ್ಕೆ. ಎರಡು ನಿಮಿಷ ಎಲ್ಡನ್! ಒಂದು ಕಾಫಿ ತರೋಕೆ ಹೋಗಿದ್ದೆ ಅಷ್ಟೇ. ತಿಂಗಳಿಂದ ಲೆಕ್ಕ ಹಾಕಿದ್ದು ನಾನು, ಜಾಗ ಸಿಕ್ಕಿದ್ದು ನಿಂಗೆ.”

“ಷೇರು ಮೂರು ವರ್ಷಕ್ಕೆ ನಲವತ್ತಾಗುತ್ತೆ ಅಂದ್ಯಲ್ಲ?”

“ನಾನೆಲ್ಲಂದೆ? ಅಧ್ಯಕ್ಷರು ಅಂದ್ರು ಅಂತ ಅಂದೆ. ನಾನು ಸೋಮವಾರ ಬೆಳಿಗ್ಗೆ ಎಲ್ಲಾ ಮಾರಿಬಿಡ್ತೀನಿ.”

“ವಿಮೆ?”

“ನನ್ನ ಹೆಂಡ್ತಿ ಸ್ಕೂಲಲ್ಲಿದಾಳಲ್ಲ. ಅವಳ ವಿಮೇಲಿ ನಾನೂ ಬರ್ತೀನಿ.” ಲೈಲ್ ಹತ್ತಿರ ಬಂದು ದನಿ ತಗ್ಗಿಸಿದ. “ನೀನೇ ಹೇಳು, ನಾನು ತೋರಿಸಿದ್ರಲ್ಲಿ ಒಂದು ಅಂಕಿನಾದ್ರೂ ಸುಳ್ಳಾ?”

ಎಲ್ಡನ್ ಮನಸ್ಸಿನಲ್ಲೇ ಇನ್ನೊಮ್ಮೆ ಕೂಡಿ ಕಳೆದ. ಸುಳ್ಳಿರಲಿಲ್ಲ. ಅದೇ ಸಂಕಟ, ಒಂದಾದರೂ ಸುಳ್ಳಿದ್ದರೆ ಕೂಗಾಡಬಹುದಿತ್ತು.

ಗ್ಲೆಂಡಾ ಪ್ಲಾಸ್ಟಿಕ್ ಚಾಕುವಿನಿಂದ ಕೇಕಿನ ಮೇಲಿನ ‘ಎಲ್ಡನ್’ ಅನ್ನು ಕೆರೆದು, ಬೆರಳು ನೆಕ್ಕಿ, ಅದೇ ಕೆನೆಯಲ್ಲಿ ‘ಲೈಲ್’ ಎಂದು ತಿದ್ದಿದಳು. ಕೆನೆ ಉಳಿದದ್ದರಿಂದ ಒಂದು ಹೂವನ್ನೂ ಬರೆದಳು. ಮಿಸೆಸ್ ಡನಿಂಗ್ ಎಲ್ಡನ್‌ನನ್ನು ಪಕ್ಕಕ್ಕೆ ಕರೆದಳು.

“ನಿಮ್ಮ ಫಾರಂನಲ್ಲಿ ಕಾರಣ ಓದಿದೆ. ಕೆಲಸದ ಮೇಲಿನ ಪ್ರೀತಿ! ನಿಜವಾಗ್ಲೂ ಮನಸ್ಸು ತುಂಬಿಬಂತು.” ಅವಳು ಅವನ ತೋಳು ಮುಟ್ಟಿದಳು. “ಲೈಲ್ ಜಾಗಕ್ಕೆ ಹೊಸಬರನ್ನ ಕೊಡಲ್ಲ ಅಂದಿದಾರೆ. ಕಾಗದ ನೀವು ನೋಡ್ತೀರಲ್ಲ, ಇನ್ಮೇಲೆ ಅವರ ಫೋನೂ ನೀವೇ ನೋಡ್ಕೊಳ್ಳಿ. ಪ್ರೀತಿಯಿಂದ ಮಾಡೋರಿಗೆ ಭಾರ ಅನ್ಸಲ್ಲ, ಅಲ್ವಾ?”

ಅಷ್ಟರಲ್ಲೇ ಲೈಲ್‌ನ ಮೇಜಿನ ಫೋನು ಬಡಿದುಕೊಂಡಿತು. ಲೈಲ್‌ನ ಕೈಯಲ್ಲಿ ಚಾಕು ಇತ್ತು. ಎಲ್ಲರೂ ಎಲ್ಡನ್‌ನ ಕಡೆ ನೋಡಿದರು. ಅವನು ಹೋಗಿ ಎತ್ತಿಕೊಂಡ.

ಟೊಲೀಡೋದಿಂದ ಒಬ್ಬ ಹೆಂಗಸು. ಯಂತ್ರದಿಂದ ನೀರು ನುಗ್ಗಿ ಅಡುಗೆಮನೆ ಕೆರೆಯಾಗಿದೆ; ಬೆಳಿಗ್ಗೆಯಿಂದ ಆರು ಸಲ ಮಾಡಿದರೂ ಯಾರೂ ಎತ್ತಲಿಲ್ಲ; ಇವರೆಲ್ಲ ಎಲ್ಲಿ ಹಾಳಾಗಿ ಹೋಗಿದ್ದರು? ಅವಳು ಕೂಗುತ್ತಿದ್ದುದು ಕೋಣೆಗೆಲ್ಲ ಕೇಳುತ್ತಿತ್ತು. ಬೆನ್ನ ಹಿಂದೆ ಚಪ್ಪಾಳೆ ಬಿತ್ತು. ಲೈಲ್ ಕೇಕು ಕತ್ತರಿಸಿದ್ದ.

“ಒಂದ್ನಿಮಿಷ, ಬಕೆಟ್ ತರ್ತೀನಿ,” ಎಂದಳು ಹೆಂಗಸು ಏದುಸಿರು ಬಿಡುತ್ತ. “ಫೋನ್ ಇಟ್ಬಿಟ್ಟು ಹೋಗ್ಬಿಡಬೇಡಿ ಮತ್ತೆ!”

“ಇಲ್ಲ ಮೇಡಂ,” ಎಂದ ಎಲ್ಡನ್. “ನಾನೆಲ್ಲೂ ಹೋಗಲ್ಲ.”