ಹೊಗೆಮನೆಯ ಕೋಳಿಯೂ ನನ್ನ ಮರ್ಯಾದೆಯೂ

ಕೆಲವರಿಗೆ ಮಳೆಗಾಲ ಬಂದರೆ ಶೀತ ಆಗುವ ಹಾಗೆ, ನನಗೆ ಹೊಸ ಕೆಲಸ ಹಿಡಿದರೆ ಮರ್ಯಾದೆ ಹೋಗುತ್ತದೆ. ಹೋದದ್ದು ತಿರುಗಿ ಬರುವಷ್ಟರಲ್ಲಿ ಇನ್ನೊಂದು ಆಗಿರುತ್ತದೆ. ಕೋಳಿ ಸಾಕಲು ಶುರು ಮಾಡಿದ ಮೇಲಂತೂ ತಲೆ ಎತ್ತಲು ಪುರುಸೊತ್ತೇ ಸಿಗಲಿಲ್ಲ.

ನಾನು ಆರನೇ ಕ್ಲಾಸಿಗೇ ಶಾಲೆ ಬಿಟ್ಟವ. ಆಮೇಲೆ ಮುಂಬೈಯ ಕ್ಯಾಂಟೀನು, ಹುಬ್ಬಳ್ಳಿಯ ಗ್ಯಾರೇಜು, ಕಾಸರಗೋಡಿನ ಮೀನಿನ ಲಾರಿ, ಮಡಿಕೇರಿಯ ಎಸ್ಟೇಟು. ಕಾಲು ಒಂದು ಕಡೆ ನಿಂತದ್ದಿಲ್ಲ. ಬೇಸರ ಬಂದರೆ ಯಾರಿಗೂ ಹೇಳದೆ ಬಸ್ಸು ಹತ್ತುವುದು ನನ್ನ ಅಭ್ಯಾಸ. ಕೊನೆಗೆ ಬೆಳ್ಳಾರೆಯಿಂದ ಸ್ವಲ್ಪ ಒಳಗೆ, ಹೆಂಡತಿಯ ತವರಿನಲ್ಲಿ ಬಂದು ಕೂತೆ. ಅಲ್ಲಿ ಒಂದು ಹಳೆಯ ಹೊಗೆಮನೆ ಖಾಲಿ ಬಿದ್ದಿತ್ತು. ಹೊಗೆಮನೆ ಎಂದರೆ ರಬ್ಬರ್ ಶೀಟುಗಳನ್ನು ನೇತು ಹಾಕಿ ಕೆಳಗಿನಿಂದ ಹೊಗೆ ಕೊಟ್ಟು ಒಣಗಿಸುವ ಕೋಣೆ. ಅದರಲ್ಲಿ ಬಾಯ್ಲರ್ ಕೋಳಿ ಸಾಕುತ್ತೇನೆ ಎಂದೆ.

ಹೆಂಡತಿಯ ಅಣ್ಣ, ಎಂದರೆ ನನ್ನ ಭಾವ, ನನ್ನ ಮುಖ ನೋಡಲಿಲ್ಲ. ಮೆಟ್ಟಿಲ ಕೆಳಗಿದ್ದ ನನ್ನ ಚಪ್ಪಲಿ ನೋಡಿದರು.

"ಕೋಳಿ ಬೆಳೆಯುವವರೆಗೆ ಇವರು ಇರ್ತಾರಾ ತಂಗಿ?"

"ಇರ್ತಾರೆ ಅಣ್ಣ. ಈ ಸಲ ಆಟಿ ತಿಂಗಳಲ್ಲಿ ತೀರಿಹೋದ ಹಿರಿಯರಿಗೆ ಬಡಿಸುದು ನಮ್ಮ ಹೊಗೆಮನೆಯ ಕೋಳಿಯನ್ನೇ. ನೋಡಿ ಬೇಕಾದ್ರೆ."

"ಆಯ್ತು. ಬಡಿಸಿದರೆ ಹೊಗೆಮನೆ ನಿಮಗೆ. ಅದಕ್ಕೆ ಮೊದಲು ಇವರು ಬಸ್ಸು ಹತ್ತಿದರೆ ನಾನು ಅಲ್ಲಿ ಪುನಃ ಶೀಟು ತುಂಬಿಸ್ತೇನೆ. ಮತ್ತೆ ನೀನು ಇವರ ಪರವಾಗಿ ನನ್ನ ಹತ್ರ ಮಾತಾಡ್ಲಿಕ್ಕೆ ಬರ್ಬಾರ್ದು."

ಅತ್ತೆಯ ಎದುರು, ನೆರೆಮನೆಯವರ ಎದುರು, ಅವಳು ನನ್ನ ಮೇಲೆ ಪಂಥ ಕಟ್ಟಿದಳು. ನನ್ನ ಮೇಲೆ ನಾನೇ ಕಟ್ಟುತ್ತಿರಲಿಲ್ಲ.

ಬೆಳ್ಳಾರೆ ಬಸ್ಸು

ಮರಿಗಳನ್ನು ಪುತ್ತೂರಿನಿಂದ ತಂದೆ. ತೂತು ಕೊರೆದ ರಟ್ಟಿನ ಪೆಟ್ಟಿಗೆ, ಒಳಗೆ ಚಿಯಾಂ ಚಿಯಾಂ. ಬಸ್ಸಿನಲ್ಲಿ ಅದನ್ನು ಸೀಟಿನ ಕೆಳಗೆ ತಳ್ಳಿ ಆರಾಮಾಗಿ ಕೂತೆ. ಮಳೆ ಹಿಡಿದಿತ್ತು. ಬಸ್ಸಿನಲ್ಲಿದ್ದವರ ಕೊಡೆಗಳಿಂದ ಇಳಿದ ನೀರೆಲ್ಲ ಹರಿದು ಬಂದು ನನ್ನ ಪೆಟ್ಟಿಗೆಯ ಬುಡ ಸೇರಿತು. ರಟ್ಟು ಮೆತ್ತಗಾಯಿತು. ಒಂದು ತಿರುವಿನಲ್ಲಿ ಪೆಟ್ಟಿಗೆ ಜಾರಿತು, ಅಡಿ ಕಳಚಿ ಅಲ್ಲೇ ಉಳಿಯಿತು. ಹಳದಿ ಮರಿಗಳು ಡ್ರೈವರನ ತನಕ ಮೆರವಣಿಗೆ ಹೊರಟವು.

ಕಂಡಕ್ಟರ್ ಸೀಟಿ ಊದಿದ. "ಯಾರೂ ಕಾಲು ಕೆಳಗೆ ಇಡ್ಬೇಡಿ ಮಾರಾಯ್ರೆ! ಅಕ್ಕ, ನಿಮ್ಮ ಚೀಲ ಎತ್ತಿ!"

ಬಸ್ಸು ನಿಂತಿತು. ಎಲ್ಲರೂ ಕಾಲು ಮಡಚಿ ಸೀಟಿನ ಮೇಲೆ ಕೂತರು. ನಾನು ನೆಲದ ಮೇಲೆ ತೆವಳುತ್ತಿದ್ದೆ. ಎದುರಿನಿಂದ ಇನ್ನೊಬ್ಬರು ನನ್ನ ಹಾಗೇ ತೆವಳಿಕೊಂಡು ಬಂದರು. ಎರಡೂ ಕೈಯಲ್ಲಿ ಮರಿ. ತಲೆ ಎತ್ತಿದರೆ ಮಂಡೆಕೋಲಿನ ಶಾಲೆಯಲ್ಲಿ ನನಗೆ ಕಲಿಸಿದ ಮೇಷ್ಟ್ರು. ಈಗ ನಿವೃತ್ತರಾಗಿ ಬೆಳ್ಳಾರೆಯಲ್ಲಿದ್ದಾರೆ.

"ನೀನಾ?" ಎಂದರು.

"ಹೌದು ಸರ್."

ಮರಿಗಳನ್ನು ನನ್ನ ಕೈಗೆ ಕೊಟ್ಟು, ಸೊಂಟ ಹಿಡಿದುಕೊಂಡು ಎದ್ದರು. "ನೀನು ಕ್ಲಾಸಿನಿಂದ ಓಡಿದಾಗ ಗುಡ್ಡೆಯ ಪೊದೆಯಲ್ಲೆಲ್ಲ ನಿನ್ನನ್ನು ಹೀಗೇ ಬಗ್ಗಿ ಹುಡುಕಿದ್ದೆ. ಇವು ಪರವಾಗಿಲ್ಲ ಮಾರಾಯ, ಸಿಕ್ತವೆ."

ಹಸಿರು ನೈಟಿ

ಕೋಳಿಮರಿಗೆ ಮುಖ ಗುರುತಿಲ್ಲ, ಬಟ್ಟೆ ಗುರುತು. ಇದು ನನಗೆ ತಡವಾಗಿ ಗೊತ್ತಾದ ವಿಷಯ. ಶುರುವಿನಿಂದ ಫೀಡು ಹಾಕಿದವಳು ಹೆಂಡತಿ, ದೊಡ್ಡ ಹೂವಿನ ಹಸಿರು ನೈಟಿಯಲ್ಲಿ. ಅಷ್ಟರಲ್ಲಿ ಇಚಿಲಂಪಾಡಿಯಲ್ಲಿರುವ ಅವಳ ಅಕ್ಕನಿಗೆ ಹುಷಾರಿಲ್ಲ ಎಂದು ಫೋನು ಬಂತು. "ನಾನು ಬರುವವರೆಗೆ ನೋಡಿಕೊಳ್ಳಿ. ಎಲ್ಲಿಗೂ ಹೋಗ್ಬೇಡಿ," ಎಂದು ಎರಡೆರಡು ಸಲ ಹೇಳಿ ಹೋದಳು.

ನಾನು ಲುಂಗಿ ಉಟ್ಟು ಒಳಗೆ ಕಾಲಿಟ್ಟದ್ದೇ ತಡ, ಮರಿಗಳೆಲ್ಲ ಹುಲಿ ಕಂಡ ಹಾಗೆ ಕಿರುಚಿ ಒಂದೇ ಮೂಲೆಗೆ ನುಗ್ಗಿದವು. ಒಂದರ ಮೇಲೊಂದು ರಾಶಿ. ಹಾಗೆ ರಾಶಿ ಬಿದ್ದರೆ ಅಡಿಯಲ್ಲಿದ್ದವು ಉಸಿರು ಕಟ್ಟಿ ಸಾಯುತ್ತವೆ. ಹೊರಗೆ ಬಂದೆ, ಸುಮ್ಮನಾದವು. ಒಳಗೆ ಹೋದೆ, ಪುನಃ ರಾಶಿ. ಪ್ಯಾಂಟು ಹಾಕಿ ನೋಡಿದೆ. ಸೊಂಟಕ್ಕೆ ಬೈರಾಸು ಟವೆಲು ಸುತ್ತಿ ನೋಡಿದೆ. ಕೊನೆಗೆ ಹಗ್ಗದಲ್ಲಿ ಒಣಗುತ್ತಿದ್ದ ಹಸಿರು ನೈಟಿ ಕಣ್ಣಿಗೆ ಬಿತ್ತು.

ಅದನ್ನು ಹಾಕಿಕೊಂಡು ಹೋದರೆ ಮರಿಗಳೆಲ್ಲ ಅಮ್ಮ ಬಂದ ಹಾಗೆ ನನ್ನ ಕಾಲಿನ ಸುತ್ತ! ಎಷ್ಟು ಸಂತೋಷ ಆಯಿತೆಂದರೆ, ಫೀಡಿನ ಬಕೆಟು ಹಿಡಿದುಕೊಂಡು ಹಾಡು ಗುನುಗುತ್ತಾ ಹೊರಗೆ ಬಂದೆ. ಬಾಗಿಲಲ್ಲಿ ಭಾವ ನಿಂತಿದ್ದರು. ಅವರ ಹಿಂದೆ ಅವರ ಮಗಳನ್ನು ನೋಡಲು ಬಂದಿದ್ದ ಗಂಡಿನ ಕಡೆಯವರು. ಜಾಗ ತೋರಿಸಲು ಕರೆದುಕೊಂಡು ಬಂದಿದ್ದರಂತೆ.

"ಇವರು ಯಾರು?" ಎಂದು ಗಂಡಿನ ತಂದೆ ಕೇಳಿದರು.

ಭಾವ ನನ್ನ ಮೀಸೆಯ ಕಡೆ ನೋಡದೆ ಹೇಳಿದರು, "ಕೆಲಸದವಳು."

ಸಂಜೆ ಭಾವ ನನ್ನ ಹೆಂಡತಿಗೆ ಫೋನು ಮಾಡಿದ್ದನ್ನು ನಾನು ಗೋಡೆಯ ಈಚೆ ನಿಂತು ಕೇಳಿಸಿಕೊಂಡೆ. "ಇಲ್ಲ ತಂಗಿ, ನಿನ್ನ ಗಂಡ ಓಡಿ ಹೋಗಲಿಲ್ಲ. ಓಡಿ ಹೋಗಿದ್ದರೆ ಒಳ್ಳೆದಿತ್ತು."

ಗಟ್ಟಿ ಮಾಂಸ

ಕೋಳಿಗಳು ಬೆಳೆದವು. ಕೆಳಗಿನ ಮನೆಯ ದೊಡ್ಡಮ್ಮನಿಗೆ ಒಂದು ಕೊಡಲು ಹೋದರೆ ಕೈಯಲ್ಲಿ ಒತ್ತಿ ನೋಡಿ ಮುಖ ಸಿಂಡರಿಸಿದರು.

"ಎಂತ ಇದು, ದಿಂಬಿನ ಹಾಗೆ? ಊರ ಕೋಳಿ ಆದರೆ ಗುಡ್ಡೆಯೆಲ್ಲ ಓಡ್ತದೆ, ಮಾಂಸ ಗಟ್ಟಿ ಇರ್ತದೆ. ಇದು ಕೂತಲ್ಲೇ ಬೆಳೆದದ್ದು."

ಓಡುವ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮರುದಿನದಿಂದ ಬೆಳಿಗ್ಗೆ ಕೋಳಿಗಳನ್ನು ಅಂಗಳಕ್ಕೆ ಬಿಟ್ಟು, ಕೈಯಲ್ಲಿ ಒಂದು ಸೊಪ್ಪಿನ ಗೆಲ್ಲು ಹಿಡಿದು ಅಟ್ಟಿಸತೊಡಗಿದೆ. ನೈಟಿಯಲ್ಲೇ, ಬೇರೆ ದಾರಿ ಇರಲಿಲ್ಲ. ಬಾಯ್ಲರ್ ಕೋಳಿಯ ಕ್ರಮ ಹೇಗೆಂದರೆ, ನಾಲ್ಕು ಹೆಜ್ಜೆ ಓಡಿ ಕೂತುಬಿಡುತ್ತದೆ. ಅದನ್ನು ಎಬ್ಬಿಸುವಷ್ಟರಲ್ಲಿ ಆಚೆಯದ್ದು ಕೂತಿರುತ್ತದೆ. ಅದರ ಹತ್ತಿರ ಓಡಿದರೆ ಈಚೆಯದ್ದು ಪುನಃ. ಹೀಗೆ ನಾನು ಅಂಗಳ ಸುತ್ತಿದೆ, ಕೋಳಿಗಳು ಕುತ್ತಿಗೆ ತಿರುಗಿಸಿ ತಿರುಗಿಸಿ ನನ್ನನ್ನು ನೋಡಿದವು. ಕೆಲವು ದಿನ ಕಳೆದ ಮೇಲೆ ದೊಡ್ಡಮ್ಮ ಪುನಃ ಬಂದರು. ಒಂದು ಕೋಳಿಯನ್ನು ಒತ್ತಿ ನೋಡಿದರು. ಮತ್ತೆ, ಏನು ತೋಚಿತೋ, ನನ್ನ ರಟ್ಟೆಯನ್ನೂ ಒತ್ತಿ ನೋಡಿದರು.

"ಗಟ್ಟಿಯಾದದ್ದು ನೀನು ಮಾರಾಯ," ಎಂದರು. "ಆದರೆ ನಿನ್ನನ್ನು ಎಂತ ಮಾಡುದು?"

ಅಂಗಡಿಯ ಎದುರು

ಸ್ವಲ್ಪ ಕೋಳಿಗಳನ್ನು ಬೆಳ್ಳಾರೆಯ ಕೋಳಿ ಅಂಗಡಿಗೆ ಕೊಡುವುದೆಂದು ಮಾತಾಗಿತ್ತು. ಅಂಗಡಿಯ ಕಾಕ ಒಳ್ಳೆಯವರು. ಭಾನುವಾರ, ಕಟ್ಟೆಯವರೆಗೆ ಜನ. ನಾನು ಮೊದಲನೆಯ ಕೋಳಿಯನ್ನು ಎತ್ತಿ ಕೊಟ್ಟೆ. ಅದು ನನ್ನನ್ನು ನೋಡಿತು. ಕಾಕ ಕತ್ತಿ ತೆಗೆದರು. ಅಲ್ಲಿಯವರೆಗೆ ನೆನಪುಂಟು.

ಕಣ್ಣು ಬಿಟ್ಟಾಗ ಅಂಗಡಿಯ ಜಗಲಿಯಲ್ಲಿ ಮಲಗಿದ್ದೆ. ಯಾರೋ ಮುಖಕ್ಕೆ ನೀರು ಹಾಕುತ್ತಿದ್ದರು, ಯಾರೋ ಪೇಪರಿನಲ್ಲಿ ಗಾಳಿ ಬೀಸುತ್ತಿದ್ದರು. ಒಳಗಿನಿಂದ ಕಾಕನ ದನಿ ಕೇಳಿಸಿತು, "ಮೊದಲು ಅವರನ್ನು ನೋಡಿ ಮಾರಾಯ್ರೆ. ಕೋಳಿಗೆ ಎಂತ ಅರ್ಜೆಂಟ್ ಇಲ್ಲ."

ಜನ ನಕ್ಕರು. ಮಾಂಸದ ಕೋಳಿ ಸಾಕುವವ ಕತ್ತಿ ಕಂಡು ಬಿದ್ದ ಎಂಬ ಸುದ್ದಿ ನನಗಿಂತ ಮೊದಲು ಮನೆ ಮುಟ್ಟುತ್ತದೆ ಎಂದು ಗೊತ್ತಿತ್ತು. ಎದುರಿಗೆ ಬಸ್ಸು ನಿಂತಿತ್ತು. ಸುಳ್ಳು ಹೇಳುವುದಿಲ್ಲ, ಕಾಲು ತಾನಾಗಿ ಆ ಕಡೆ ಹೋಯಿತು. ಫುಟ್‌ಬೋರ್ಡಿನ ಮೇಲೆ ಕಾಲಿಟ್ಟೆ. ಮರಿ ಹಿಡಿದ ದಿನದ ಅದೇ ಕಂಡಕ್ಟರ್ ಬಾಗಿಲಿಗೆ ಕೈ ಅಡ್ಡ ಹಿಡಿದ.

"ಇಳೀರಿ ಮಾರಾಯ್ರೆ. ಆಟಿ ಮುಗಿಯುವವರೆಗೆ ನಿಮ್ಮನ್ನು ಹತ್ತಿಸ್ಬಾರ್ದು ಅಂತ ನಿಮ್ಮ ಹೆಂಡತಿ ನಮಗೆಲ್ಲ ಹೇಳಿದ್ದಾರೆ."

ಮಾವನಿಗೆ ಬಡಿಸಿದ್ದು

ತೀರಿಹೋದ ಹಿರಿಯರಿಗೆ ಆಟಿ ತಿಂಗಳಿನಲ್ಲಿ, ಅಂದರೆ ಆಷಾಢದ ಹೊತ್ತಿಗೆ, ಬಡಿಸುವ ಕ್ರಮ ನಮ್ಮ ಕಡೆ ಉಂಟು. ಒಳಕೋಣೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬಾಳೆಎಲೆ ಹಾಕಿ, ಅವರಿಗೆ ಪ್ರೀತಿಯಾದದ್ದನ್ನೆಲ್ಲ ಬಡಿಸಿ, ಬಾಗಿಲು ಎಳೆದುಕೊಂಡು ಹೊರಗೆ ಬಂದು ಕೂರುವುದು. ಅವರು ಬಂದು ಉಂಡು ಹೋಗುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಮನೆಯ ಹಿರಿಯರು ಬಾಗಿಲು ತಟ್ಟಿ ತೆರೆಯುತ್ತಾರೆ. ಆಮೇಲೆ ನಮ್ಮ ಊಟ.

ಕೋಳಿ ನಮ್ಮದೇ. ಕೊಯ್ದದ್ದು ಕಾಕ, ಕಾಯಿತುರಿ ಹಾಕಿ ಒಣ ಸುಕ್ಕ ಮಾಡಿದ್ದು ಅಕ್ಕನ ಮನೆಯಿಂದ ತಿರುಗಿ ಬಂದಿದ್ದ ಹೆಂಡತಿ. ಪಂಥ ಗೆದ್ದ ಹಾಗೇ ಎಂದುಕೊಂಡೆ. ಭಾವ ಬಂದು ಪಾತ್ರೆಯ ಮುಚ್ಚಳ ಎತ್ತಿ ನೋಡಿದರು.

"ಬಡಿಸುದು ಅಂದ್ರೆ ಎಲೆಗೆ ಹಾಕುದು ಮಾತ್ರ ಅಲ್ಲ ತಂಗಿ. ಅಪ್ಪ ಮುಟ್ಟಬೇಕು. ಬದುಕಿರುವಾಗ ಅವರು ಬಾಯ್ಲರನ್ನು ಕೋಳಿ ಅಂತಲೇ ಒಪ್ಪಲಿಲ್ಲ. 'ರೆಕ್ಕೆ ಬಂದ ಬದನೆಕಾಯಿ' ಅಂತಿದ್ದರು."

"ಅಣ್ಣ, ಅದು ಮಾತಿನಲ್ಲಿ ಇರ್ಲಿಲ್ಲ."

"ಎಲೆ ನೋಡುವ. ಮುಟ್ಟಿದರೆ ಹೊಗೆಮನೆ ನಿಮಗೆ. ಇಲ್ಲದಿದ್ದರೆ ನಾಳೆ ಶೀಟು ತುಂಬಿಸ್ತೇನೆ."

ಹೆಂಡತಿಯ ಕಣ್ಣಲ್ಲಿ ನೀರು ನಿಂತಿತು. ಸತ್ತವರು ಎಲೆ ಮುಟ್ಟಿದರೆ ಮಾತ್ರ ಅವಳ ಮಾತು ಉಳಿಯುವುದು. ನನ್ನಂಥವನನ್ನು ನಂಬಿದ್ದಕ್ಕೆ ಎಂಥ ಸ್ಥಿತಿ ಬಂತು ಎಂದು ನಾನು ನೆಲ ನೋಡಿದೆ.

ಈ ಗಡಿಬಿಡಿಯಲ್ಲಿ ನಾನು ಒಂದು ವಿಷಯ ಮರೆತಿದ್ದೆ. ಬೆಳಿಗ್ಗೆ ಒಂದು ಕುಂಟ ಹುಂಜ ಮಳೆಯಲ್ಲಿ ನೆನೆದು ನಡುಗುತ್ತಿತ್ತು. ಬೆಚ್ಚಗಿರಲಿ ಎಂದು ಅದನ್ನು ಗೋಣಿಯಲ್ಲಿ ಸುತ್ತಿ ಒಳಕೋಣೆಯ ಭತ್ತದ ಪೆಟ್ಟಿಗೆಯ ಹಿಂದೆ ಮಲಗಿಸಿದ್ದೆ.

ಸಂಜೆ ಎಲೆ ಹಾಕಿ ಬಡಿಸಿ ಆಯಿತು. ಅಜ್ಜನಿಗೆ, ಅಜ್ಜಿಗೆ, ದೊಡ್ಡಪ್ಪನಿಗೆ, ಮತ್ತೆ ಹೆಂಡತಿಯ ಅಪ್ಪ, ಅಂದರೆ ನನ್ನ ಮಾವನಿಗೆ. ಮಾವನ ಎಲೆಯ ಬದಿಗೆ ಒಂದು ಗ್ಲಾಸು ಕಳ್ಳು. ಬಾಗಿಲು ಎಳೆದು ಎಲ್ಲರೂ ಚಾವಡಿಯಲ್ಲಿ ಕೂತೆವು. ಮಾತಾಡುವ ಹಾಗಿಲ್ಲ.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಸದ್ದು ಬಂತು. ಟಕ್. ಟಕ್ ಟಕ್.

ಅತ್ತೆ ಎದೆಯ ಮೇಲೆ ಕೈ ಇಟ್ಟುಕೊಂಡರು. "ಬಂದ್ರು," ಎಂದರು ಮೆಲ್ಲಗೆ.

ಬಾಳೆಎಲೆ ಪರಪರ ಎಂದಿತು. ಭಾವನ ಮುಖ ಬಿಳಿಚಿತು. ಅವರು ಎದ್ದು ಬಾಗಿಲ ಎದುರು ಕೈ ಮುಗಿದು ನಿಂತರು. ಅಷ್ಟು ಮೆತ್ತಗಿನ ಭಾವನನ್ನು ನಾನು ನೋಡಿದ್ದಿಲ್ಲ.

"ಅಪ್ಪಾ, ತಪ್ಪು ತಿಳ್ಕೊಳ್ಬೇಡಿ. ಹೊಗೆಮನೆ ಇವರಿಗೆ ಕೊಡುದಾ?"

ಒಳಗೆ ಗ್ಲಾಸು ಉರುಳಿದ ಸದ್ದು. ಮತ್ತೆ, ಗಂಟಲಿನೊಳಗಿನಿಂದ, ಸಮಾಧಾನದಲ್ಲಿ, "ಕೊರ್ರ್..."

"ಕೊಡು ಅಂದ್ರು!" ಎಂದು ಅತ್ತೆ ಅತ್ತೇಬಿಟ್ಟರು.

ಆ ದನಿ ನನಗೆ ಚೆನ್ನಾಗಿ ಗೊತ್ತು. ಫೀಡು ಹಾಕಿದಾಗಲೆಲ್ಲ ಕೇಳಿದ್ದೇನೆ. ಹೇಳಿಬಿಡಬೇಕೆಂದು ಬಾಯಿ ತೆರೆದೆ. ಹೆಂಡತಿ ನನ್ನ ಕಡೆ ತಿರುಗಿದಳು. ಮದುವೆಯಾದ ಮೇಲೆ ಮೊದಲ ಸಲ, ಹೆಮ್ಮೆಯಿಂದ. ಬಾಯಿ ಮುಚ್ಚಿದೆ.

ಭಾವ ಮೂರು ಸಲ ತಟ್ಟಿ ಬಾಗಿಲು ತೆರೆದರು. ಮಾವನ ಎಲೆಯ ನಡುವೆ, ಕೊಕ್ಕಿನ ತುಂಬ ಸುಕ್ಕದ ಮಸಾಲೆ ಮೆತ್ತಿಕೊಂಡು, ಕುಂಟ ಹುಂಜ ಕೂತಿತ್ತು. ನಮ್ಮನ್ನು ನೋಡಿ ಏಳಲು ಹೊರಟಿತು. ಸ್ವಲ್ಪ ವಾಲಿ, ಪುನಃ ಕೂತಿತು.

ಭಾವ ಮೆಲ್ಲಗೆ ನನ್ನ ಕಡೆ ತಿರುಗಿದರು. ನಾನು ಗೋಡೆಯ ಕಡೆ ತಿರುಗಿದೆ.

"ಅಮ್ಮಾ," ಎಂದರು ಭಾವ, "ಇದು ಕೋಳಿ!"

"ನನಗೂ ಕಣ್ಣುಂಟು," ಎಂದರು ಅತ್ತೆ. "ಅಜ್ಜನ ಎಲೆ ಮುಟ್ಟಿದೆಯಾ ನೋಡು."

"ಇಲ್ಲ."

"ಅಜ್ಜಿಯದ್ದು? ದೊಡ್ಡಪ್ಪನದ್ದು?"

"ಇಲ್ಲ."

"ಗ್ಲಾಸಿನಲ್ಲಿ ಕಳ್ಳು ಉಳಿದಿದೆಯಾ?"

ಭಾವ ಬಗ್ಗಿ ನೋಡಿದರು. "ಇಲ್ಲ ಅಮ್ಮ."

"ಮತ್ತೆಂತ ಸಾಕ್ಷಿ ಬೇಕು ನಿನಗೆ? ಮನುಷ್ಯನ ರೂಪದಲ್ಲೇ ಬರ್ತೇನೆ ಅಂತ ನಿನ್ನಪ್ಪ ಬರೆದು ಕೊಟ್ಟಿದ್ದಾರಾ?"

ಹೊಗೆಮನೆ ನಮ್ಮದಾಯಿತು. ಭಾವನಿಗೆ ತಾಯಿಯ ಮಾತು ಮೀರಲು ಧೈರ್ಯ ಬರಲಿಲ್ಲ. ಹೆಂಡತಿ ಅಂದು ಮಾಡಿದ ಸುಕ್ಕವನ್ನು ಮಾತ್ರ ಯಾರೂ ಹೆಚ್ಚು ತಿನ್ನಲಿಲ್ಲ. ಆ ಹುಂಜವನ್ನು ಕೊಯ್ಯುವ ಹಾಗಿಲ್ಲ ಎಂದು ಅತ್ತೆಯ ಆಜ್ಞೆಯಾಯಿತು. ಈಗ ಅದು ಚಾವಡಿಯಲ್ಲಿ, ಮಾವ ಕೂರುತ್ತಿದ್ದ ಜಾಗದಲ್ಲಿ, ಮಡಚಿದ ಗೋಣಿಯ ಮೇಲೆ ಇರುತ್ತದೆ. ಭಾವ ಮೆಟ್ಟಿಲು ಹತ್ತುವಾಗ ಬೀಡಿ ನಂದಿಸಿ ಬರುತ್ತಾರೆ. ಅತ್ತೆ ನನ್ನನ್ನು ಕರೆದು, "ಇವರಿಗೆ ನೀರು ಇಟ್ಟಾಯ್ತಾ ಅಳಿಯಾ?" ಎಂದು ವಿಚಾರಿಸುತ್ತಾರೆ.

ಹಾಗಾಗಿ ನಾನು ಎಲ್ಲಿಗೂ ಹೋಗುವ ಹಾಗಿಲ್ಲ. ಪೇಟೆಯಲ್ಲಿ ಹಳೆಯ ಗೆಳೆಯರು ಸಿಕ್ಕಿ, "ಎಂತ ಮಾರಾಯ, ಈಗ ಎಂತ ಮಾಡ್ತಾ ಇದ್ದೀ?" ಎಂದು ಕೇಳಿದರೆ, ಕೋಳಿ ಸಾಕಣೆ ಎಂದಷ್ಟೇ ಹೇಳಿ ಬೇಗ ಜಾರಿಕೊಳ್ಳುತ್ತೇನೆ. ದಿನಾ ಬೆಳಿಗ್ಗೆ ಎದ್ದು, ಹಸಿರು ನೈಟಿ ಹಾಕಿಕೊಂಡು, ಮಾವನವರ ಹಿಕ್ಕೆ ಗುಡಿಸುತ್ತೇನೆ ಎಂದು ಯಾವ ಬಾಯಲ್ಲಿ ಹೇಳುವುದು?